ತಪ್ಪನ್ನೂ ಅನುವಾದಿಸಬೇಕೆ?

1988ರಲ್ಲಿ ಬಂದ ಎಚ್‌ಪಿ-42ಎಸ್ ಎಂಬ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರಿನ ತಯಾರಿಕೆ 1995ರಲ್ಲೇ ನಿಂತಿತು. ಆದರೂ ಅದು ಇಂದಿನ ಮೊಬೈಲುಗಳಲ್ಲಿ ಎರಡು ಬಗೆಯಲ್ಲಿ ಬದುಕಿದೆ. ಎಮು42 ಎಂಬ ತಂತ್ರಾಂಶ ಹಳೆಯ ಚಿಪ್ಪನ್ನೇ ಅನುಕರಿಸಿ, ಅದರೊಳಗಿದ್ದ ಮೂಲ ಪ್ರೋಗ್ರಾಮನ್ನು ಇದ್ದಂತೆಯೇ ಓಡಿಸುತ್ತದೆ. ಥಾಮಸ್ ಒಕ್ಕೆನ್ ಅವರ ಫ್ರೀ42 ಹಾಗಲ್ಲ. ಕಂಪನಿಯ ಒಂದು ಸಾಲನ್ನೂ ಬಳಸದೆ ಹೊಸದಾಗಿ ಬರೆದದ್ದು. ಅನುವಾದಕರಿಗೆ ಇದು ಪರಿಚಿತ ಜಗಳ: ಮೂಲನಿಷ್ಠೆಯೋ, ಭಾವಾನುವಾದವೋ?

1ನ್ನು 3ರಿಂದ ಭಾಗಿಸಿ, ಬಂದದ್ದನ್ನು 3ರಿಂದ ಗುಣಿಸಿ. ಮೂಲ ಯಂತ್ರ 12 ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಎಲ್ಲವನ್ನೂ ತೋರಿಸೆಂದರೆ 0.999999999999 ಎನ್ನುತ್ತದೆ. ಫ್ರೀ42ರ ದಶಮಾಂಶ ಆವೃತ್ತಿ 34 ಅಂಕಿಗಳಲ್ಲಿ ಲೆಕ್ಕ ಹಾಕುವುದರಿಂದ ಪರದೆಯ ಮೇಲೆ 1 ಬರುತ್ತದೆ.

ದಿನಬಳಕೆಗೆ ಫ್ರೀ42 ಮೇಲು, ಅನುಮಾನವಿಲ್ಲ. ಆದರೆ ಅದೊಂದೇ ಉಳಿದರೆ ನಷ್ಟ. 1990ರಲ್ಲಿ ಎಂಜಿನಿಯರೊಬ್ಬರು ಈ ಯಂತ್ರದಲ್ಲಿ ಹಾಕಿದ ಲೆಕ್ಕವನ್ನು ಇಂದು ಪರಿಶೀಲಿಸುವವರಿಗೆ ಬೇಕಾದದ್ದು ಹೆಚ್ಚು ಸರಿಯಾದ ಉತ್ತರವಲ್ಲ, ಅಂದು ಅವರ ಕಣ್ಣಿಗೆ ಬಿದ್ದ ಉತ್ತರ. ಹಳಗನ್ನಡ ಕಾವ್ಯದ ಸಂಪಾದಕರು ಪಾಠವನ್ನು ತಿದ್ದುತ್ತಾರೆ, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆ, ಓಲೆಗರಿಯನ್ನಂತೂ ಎಸೆಯುವುದಿಲ್ಲ. ಕ್ಯಾಲ್ಕುಲೇಟರಿನ ಮೂಲ ಪ್ರೋಗ್ರಾಮಿಗೂ ಅಷ್ಟು ಮರ್ಯಾದೆ ಸಲ್ಲಬೇಕು.