ಸ್ಟುಡಿಯೋದಲ್ಲಿ ಕಲೆ, ಬೀದಿಯಲ್ಲಿ ಚೌಕಾಸಿ

ದೀಪಾವಳಿ ಹತ್ತಿರ ಬಂದರೆ ಬೆಂಗಳೂರಿನ ಮಣ್ಣಿನ ಸ್ಟುಡಿಯೋಗಳಲ್ಲಿ ಮಾರಾಟ ಮೇಳ. ಆರೇ ತಿಂಗಳು ಕಲಿತವರ ಬಟ್ಟಲಿಗೂ ಹೆಸರಿನ ಚೀಟಿ, ಬರೆದಿಟ್ಟ ಬೆಲೆ. ಯಾರೂ ಚೌಕಾಸಿ ಮಾಡಲ್ಲ. ಮಾಡಲೂಬಾರದು, ಗಾಜಿನಂಥ ಮೆರುಗು ಕೊಟ್ಟು 1,200 ಡಿಗ್ರಿಯಲ್ಲಿ ಸುಡೋಕೆ ಖರ್ಚಿದೆ.

ಆದರೆ ಅದೇ ಊರಿನ ಪಾಟರಿ ಟೌನ್‌ನಲ್ಲಿ ತಲೆಮಾರುಗಳಿಂದ ತಿಗರಿ ತಿರುಗಿಸಿದ ಕುಂಬಾರರ ಹಣತೆಗೆ? "ಡಜನ್ ಎಷ್ಟು? ಇನ್ನೆರಡು ಹಾಕಿ." (ನಮ್ಮ ಸಂತೆಯಲ್ಲಿ ನಾವು ಕೇಳೋದೂ ಹೀಗೇ.) ಮಳೆಗಾಲದಲ್ಲಿ ಮಡಿಕೆ ಸರಿಯಾಗಿ ಒಣಗಲ್ಲ, ಒಣಗದ್ದನ್ನು ಆವಿಗೆಗಿಟ್ಟರೆ ಒಡೆಯುತ್ತೆ. ಆ ನಷ್ಟ ತುಂಬಿಕೊಳ್ಳೋದು ಹಬ್ಬದ ವ್ಯಾಪಾರದಲ್ಲೇ.

ಸ್ಟುಡಿಯೋದವರೇ, "ನಮ್ಮ ಮಣ್ಣು, ನಮ್ಮ ಪರಂಪರೆ" ಅನ್ನೋದಾದರೆ ಮೇಳದಲ್ಲಿ ಕುಂಬಾರರಿಗೂ ಒಂದು ಮೇಜು ಕೊಡಿ. ಬಾಡಿಗೆ, ಕಮಿಷನ್ ಕೇಳಬೇಡಿ. ಹಣತೆ ಪಕ್ಕ ಮಾಡಿದವರ ಹೆಸರಿರಲಿ, ಅವರೇ ಹೇಳಿದ ಬೆಲೆಯಿರಲಿ.