ಹೆಸರು ದಾಸೋಹ, ಕೊಡುವುದು ಅರೆಗೂಲಿ

ಶಾಲೆಗಳಲ್ಲಿ ಅನ್ನ ಬೇಯತೊಡಗಿದಂದಿನಿಂದ ಒಂದು ಮಾತನ್ನು ಕೇಳುತ್ತಲೇ ಬಂದಿದ್ದೇವೆ: "ಪಾಠಶಾಲೆ ಹೋಗಿ ಪಾಕಶಾಲೆಯಾಯಿತು." ಮಾತು ಸೊಗಸಾಗಿದೆ, ಪ್ರಾಸವೂ ಕೂಡಿದೆ. ಆದರೆ ಹಾಗೆ ಹೇಳುವ ಮಹನೀಯರು ಬೆಳಗಿನ ಫಲಾಹಾರ ಮುಗಿಸಿಕೊಂಡೇ ಹೇಳುತ್ತಾರೆಂಬುದನ್ನು ಮರೆಯಬಾರದು.

ಶಹಾಬಾದಿನ ಮಗ್ಗುಲಲ್ಲಿರುವ ಭಂಕೂರಿನಂಥ ಊರನ್ನು ನೋಡಿರಿ. ಕೆಳಗೆ ಹಾಸುಗಲ್ಲು, ಮೇಲೆ ಬಿಸಿಲು. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಕಲ್ಲು ಈ ಸೀಮೆಯದು. ತೊಗರಿಯ ಕಣಜವೆಂಬ ಬಿರುದೂ ಈ ಸೀಮೆಯದೇ. ಆದರೂ ಕಲ್ಲಿನ ಗಣಿಗೋ ಹೊಲಕ್ಕೋ ಕೂಲಿಗೆ ಹೋಗುವ ತಾಯಿ ನಸುಕಿನಲ್ಲಿ ಮನೆ ಬಿಟ್ಟರೆ, ಮಗುವಿಗೆ ರಾತ್ರಿಯ ತಂಗಳ ರೊಟ್ಟಿಯೇ ಗತಿ, ಅದೂ ಉಳಿದಿದ್ದರೆ. ಹಸಿದ ಮಗುವಿನ ಕಣ್ಣಿಗೆ ಕರಿಹಲಗೆಯ ಅಕ್ಷರ ಕಾಣುವುದಿಲ್ಲ. ಮಧ್ಯಾಹ್ನ ಮನೆಗೆ ಹೋದದ್ದು ತಿರುಗಿ ಬರುವುದಿಲ್ಲ. ಹೆಣ್ಣುಮಗುವಾದರಂತೂ ಕೂಸಾಡಿಸುತ್ತ ಮನೆಯಲ್ಲೇ ನಿಂತುಬಿಡುತ್ತದೆ.

ಮದರಾಸು ರಾಜ್ಯದಲ್ಲಿ ಕಾಮರಾಜರು ೧೯೫೬ರಲ್ಲಿಯೇ ಈ ಕೆಲಸಕ್ಕೆ ಕೈಹಾಕಿದ್ದರು. ನಾವು ಎಚ್ಚೆತ್ತದ್ದು ತಡವಾಗಿ. ಬೇಯಿಸಿದ ಊಟದಲ್ಲಿ ೩೦೦ ಕ್ಯಾಲರಿಗೆ ಕಡಿಮೆಯಿಲ್ಲದಂತೆ, ೮ರಿಂದ ೧೨ ಗ್ರಾಂ ಪ್ರೋಟೀನು ಇರುವಂತೆ ಕೊಡತಕ್ಕದ್ದೆಂದು ೨೦೦೧ರ ನವೆಂಬರ್ ೨೮ರಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ೨೦೦೨ರ ಜೂನಿನಲ್ಲಿ ನಮ್ಮ ಸರ್ಕಾರ 'ಅಕ್ಷರ ದಾಸೋಹ'ವನ್ನು ಮೊದಲು ಆರಂಭಿಸಿದ್ದು ಅಂದಿನ ಗುಲ್ಬರ್ಗವೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಹಸಿವು ಹೆಚ್ಚಿದ್ದೆಡೆ ಒಲೆ ಮೊದಲು ಹೊತ್ತಿತು. ಅದು ನ್ಯಾಯವೇ ಸರಿ.

ಆ ಒಲೆಯ ಹೊಗೆಯನ್ನು ನುಂಗುತ್ತಿರುವವರು ಯಾರು? ಊರಿನ ತಾಯಂದಿರು. ಹಿಂದೆ ಶಾಲೆಯ ಗೇಟಿನಾಚೆಯೇ ನಿಲ್ಲುತ್ತಿದ್ದ ಹೆಂಗಸು ಇಂದು ಒಳಗೆ ಬಂದು, ಅಕ್ಕಿಯಲ್ಲಿ ಹುಳವಿದೆಯೇ, ಬೇಳೆ ಕಡಿಮೆಯಾಯಿತೇ, ಮೇಷ್ಟ್ರು ಬಂದರೇ ಎಂದು ಕೇಳುತ್ತಾಳೆ. ಒಂದೇ ಓಣಿಯ ಬಾವಿಕಟ್ಟೆಯಲ್ಲಿ ಕೂಡದ ಹೆಂಗಸರು ಒಂದೇ ಪಾತ್ರೆಯ ಸುತ್ತ ಕೂಡುತ್ತಾರೆ. ಅಡಿಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಲೆಂದು ೨೦೦೪ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ ಹೇಳಿತು. ಆಕೆ ಬೇಯಿಸಿದ್ದನ್ನು ತಮ್ಮ ಮಗು ಉಣ್ಣಬಾರದೆನ್ನುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಆದರೆ ಸಾಲಾಗಿ ಕುಳಿತ ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಇದು ಪಾಠವಲ್ಲದೆ ಮತ್ತೇನು?

ಇಷ್ಟು ಹೊರೆ ಹೊತ್ತವಳಿಗೆ ನಾವು ಕೊಡುವುದು ಸಂಬಳವಲ್ಲ, 'ಗೌರವಧನ'! ೨೦೦೯ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ್ದು ತಿಂಗಳಿಗೆ ೧೦೦೦ ರೂಪಾಯಿ. ಅದೂ ವರ್ಷದಲ್ಲಿ ೧೦ ತಿಂಗಳು. ಉಳಿದೆರಡು ತಿಂಗಳು ಆಕೆಗೆ ಹೊಟ್ಟೆಯಿಲ್ಲವೆಂದೇ? ರಾಜ್ಯವು ತನ್ನ ಪಾಲು ಸೇರಿಸಿ ಏರಿಸುತ್ತ ಬಂದಿದೆ, ನಿಜ. ಏರಿಸಿದ ಮೇಲೂ ಅದು ಕನಿಷ್ಠ ಕೂಲಿಯ ಮಟ್ಟವನ್ನು ಮುಟ್ಟಿಲ್ಲ.

"ನಾಲ್ಕು ತಾಸಿನ ಕೆಲಸಕ್ಕೆ ಎಷ್ಟು ಕೊಡಬೇಕು ಸ್ವಾಮಿ?" ಎನ್ನುವವರಿದ್ದಾರೆ. ನೂರು ಮಕ್ಕಳ ಅನ್ನ ಬಸಿದು, ಬಡಿಸಿ, ಹಂಡೆ ತಿಕ್ಕಿ ಮನೆಗೆ ಹೋದವಳಿಗೆ ಆ ಹೊತ್ತಿನಲ್ಲಿ ಯಾವ ಹೊಲದವನು ಕೂಲಿ ಕೊಡುತ್ತಾನೆ? ದಿನದ ನಡುಭಾಗವನ್ನು ಕಿತ್ತುಕೊಂಡವನು ಇಡೀ ದಿನವನ್ನೇ ಕಿತ್ತುಕೊಂಡಂತೆ.

ದಾಸೋಹವೆಂಬ ಹೆಸರನ್ನು ಸರ್ಕಾರ ಎತ್ತಿಕೊಂಡದ್ದು ಶರಣರ ಮನೆಯಿಂದ. ಶರಣಬಸವೇಶ್ವರರ ದಾಸೋಹವನ್ನು ಕಂಡ ಕಲಬುರಗಿಯ ನೆಲಕ್ಕೆ ಅದರ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ. ಕಾಯಕದಿಂದ ಬಂದದ್ದನ್ನು ಹಂಚಿ ಉಣ್ಣುವುದು ದಾಸೋಹ. ಕಾಯಕ ಮಾಡಿದವಳ ಫಲವನ್ನು ಕತ್ತರಿಸಿ ಹಂಚುವುದಲ್ಲ. ಮಕ್ಕಳಿಗೆ ಬಡಿಸುವ ಪುಣ್ಯ ಸರ್ಕಾರದ್ದು, ಅದರ ಖರ್ಚು ಬಡತಾಯಿಯ ಬೆನ್ನಿನದು ಎಂದರೆ ಅದಕ್ಕೆ ಬೇರೆ ಹೆಸರಿದೆ.

ಆಕೆಯ ಕೈ ಬೇಕು, ಬಾಯಿ ಬೇಡವೆಂಬುದೂ ನಮ್ಮ ರೀತಿ. ೨೦೨೧ರ ಡಿಸೆಂಬರಿನಲ್ಲಿ ಈ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಪರವಾಗಿಯೂ ವಿರೋಧವಾಗಿಯೂ ಗುಡುಗಿದವರು ಬಹಳ ಮಂದಿ. ತಾಯಂದಿರನ್ನೊಮ್ಮೆ ಕೇಳೋಣವೆಂದವರು ವಿರಳ. ಮಗುವಿನ ಹೊಟ್ಟೆಯನ್ನು ಬಲ್ಲವಳು ಯಾರು?

ಬೇಡಿಕೆ ದೊಡ್ಡದೇನಲ್ಲ. ದುಡಿದವಳನ್ನು ದುಡಿದವಳೆಂದು ಲೆಕ್ಕದಲ್ಲಿ ಬರೆಯಿರಿ. ಹನ್ನೆರಡು ತಿಂಗಳ ಕೂಲಿ ಕೊಡಿರಿ. ಏನು ಬೇಯಬೇಕೆಂಬ ಮಾತಿನಲ್ಲಿ ಆಕೆಗೆ ಮೊದಲ ಮಣೆ ಹಾಕಿರಿ. ಅಷ್ಟಾಗುವವರೆಗೆ, ಶಾಲೆಯ ಗೋಡೆಯ ಮೇಲಿನ 'ದಾಸೋಹ'ವೆಂಬ ಮಾತನ್ನು ಸುಣ್ಣ ಬಳಿದು ಮುಚ್ಚುವುದೇ ಪ್ರಾಮಾಣಿಕತೆ.