ಬಲಗೈಯ ಲೆಕ್ಕ

ಕಳೆದ ಶ್ರಾವಣದಲ್ಲಿ ನಮ್ಮ ತಮ್ಮನ ಮಗನು ಊರಿಗೆ ಬಂದಿದ್ದನು. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು, "ದೊಡ್ಡಪ್ಪಾ, ಮೆಟ್ಟಿಲು ಹತ್ತಿದರೆ ತಲೆ ಸಿಡಿಯುತ್ತದೆ. ಬಿ.ಪಿ. ನೋಡಿಸಿದರೆ ಏನೂ ಇಲ್ಲ ಅಂತಾರೆ" ಎಂದನು. ಯಾವ ಕೈಗೆ ಪಟ್ಟಿ ಸುತ್ತಿ ನೋಡಿದರೆಂದು ಕೇಳಿದೆವು. "ಎಡಗೈಗೆ" ಎಂದನು. ನಮ್ಮ ಎದೆ ಧಸಕ್ಕೆಂದಿತು.

ಆತನು ಮೂರು ತಿಂಗಳ ಕೂಸಾಗಿದ್ದಾಗ, 1986ರಲ್ಲಿ, ಶಸ್ತ್ರಚಿಕಿತ್ಸೆಯಾಗಿತ್ತು. ಹೃದಯದಿಂದ ಹೊರಟು ದೇಹಕ್ಕೆಲ್ಲ ರಕ್ತವನ್ನೊಯ್ಯುವ ಮಹಾಧಮನಿಯು, ಎಡಗೈಗೆ ಕವಲು ಕೊಟ್ಟು ಕೆಳಗಿಳಿಯುವೆಡೆಯಲ್ಲಿ ಹುಟ್ಟಿನಿಂದಲೇ ಇಕ್ಕಟ್ಟಾಗಿತ್ತು. ವೈದ್ಯರು ಎಡಗೈಯ ಕವಲನ್ನೇ ಕತ್ತರಿಸಿ, ಸೀಳಿ ಬಿಡಿಸಿ, ಇಕ್ಕಟ್ಟಿನ ಮೇಲೆ ಮಡಚಿ ಹೊಲಿದು ದಾರಿಯನ್ನು ಅಗಲಿಸಿದರು. ಎಡಗೈಯು ಅಕ್ಕಪಕ್ಕದ ಸಣ್ಣ ನಾಳಗಳ ರಕ್ತದಿಂದ ಬದುಕಿಕೊಂಡಿತು. ಅಂಥ ಕೈಯಲ್ಲಿ ಒತ್ತಡವು ಇದ್ದುದಕ್ಕಿಂತ ಕಡಿಮೆಯಾಗಿಯೇ ತೋರುತ್ತದೆ. "ಇವನ ಬಿ.ಪಿ.ಯನ್ನು ಬಲಗೈಯಲ್ಲೇ ನೋಡಬೇಕು" ಎಂದು ವೈದ್ಯರು ಹೇಳಿದ್ದನ್ನು ನಾವೇ ಕಿವಿಯಾರೆ ಕೇಳಿದ್ದೆವು. ಚೀಟಿ ಟ್ರಂಕು ಸೇರಿತು, ಕೂಸು ದುಂಡಗಾಯಿತು. ಮಠದಲ್ಲಿ ಕಲಿತ ವ್ಯಾಕರಣಸೂತ್ರಗಳನ್ನು ಇಂದಿಗೂ ಒಪ್ಪಿಸಬಲ್ಲ ನಾವು ಆ ಒಂದು ವಾಕ್ಯವನ್ನು ಮರೆತೆವು.

ಇಟಲಿಯ ಮೊರ್ಗಾಗ್ನಿ 1760ರಲ್ಲಿಯೇ ಈ ಇಕ್ಕಟ್ಟನ್ನು ಶವಪರೀಕ್ಷೆಯಲ್ಲಿ ಕಂಡು ಬಣ್ಣಿಸಿದ್ದನು. ಅದನ್ನು ಮೊದಲು ಸರಿಪಡಿಸಿದವನು ಸ್ಟಾಕ್‌ಹೋಮಿನ ಕ್ಲಾರೆನ್ಸ್ ಕ್ರಾಫೂರ್ಡ್, 1944ರಲ್ಲಿ. ಶೈಶವವನ್ನು ದಾಟಿಯೂ ಚಿಕಿತ್ಸೆ ಕಾಣದವರು ಸರಾಸರಿ 34 ವರ್ಷದ ಸುಮಾರಿಗೆ ತೀರಿಕೊಳ್ಳುತ್ತಿದ್ದರೆಂದು ಮಾರಿಸ್ ಕ್ಯಾಂಪ್‌ಬೆಲ್ 1970ರಲ್ಲಿ ಲೆಕ್ಕವಿಟ್ಟನು. ನಮ್ಮ ಹುಡುಗನು ಆ ಗಡಿಯನ್ನು ದಾಟಿದ್ದಾನೆಂಬುದೇ ಶಸ್ತ್ರಚಿಕಿತ್ಸೆಯ ದೊಡ್ಡ ಉಪಕಾರ. ಆದರೆ ಹೊಲಿಗೆ ಕೂಡಿತೆಂದರೆ ರೋಗ ತೀರಿತೆಂದಲ್ಲ. ರಕ್ತನಾಳಗಳ ಗೋಡೆಗಳು ಬಿರುಸಾಗಿಯೇ ಉಳಿಯುವುದರಿಂದ ಅನೇಕರಿಗೆ ಮುಂದೆ ರಕ್ತದೊತ್ತಡ ಬರುತ್ತದೆ. ಕುಳಿತಾಗ ಸರಿಯಿದ್ದು, ದುಡಿಯುವಾಗ ಮಾತ್ರ ಏರುವುದೂ ಉಂಟು. ಕೂಸಿನಲ್ಲಿ ಹೊಲಿದ ಜಾಗವು ಮತ್ತೆ ಇಕ್ಕಟ್ಟಾಗಬಹುದು. ತೇಪೆ ಹಾಕಿದ ಕೆಲವರಲ್ಲಿ ಅಲ್ಲಿಯೇ ಗೋಡೆ ತೆಳುವಾಗಿ ಉಬ್ಬುವುದು, ಅದು ಒಡೆದರೆ ಪ್ರಾಣಕ್ಕೇ ಕುತ್ತು. ಸುಮಾರು ಅರ್ಧದಷ್ಟು ಜನರಿಗೆ ಮಹಾಧಮನಿಯ ಬಾಯಿಯ ಕವಾಟಕ್ಕೆ ಮೂರರ ಬದಲು ಎರಡೇ ದಳಗಳಿದ್ದು, ವಯಸ್ಸಾದಂತೆ ಅದೂ ಕೆಡುತ್ತದೆ. ಆದುದರಿಂದ ಆರೋಗ್ಯವಾಗಿದ್ದರೂ ಜೀವನಪರ್ಯಂತ ಹೃದ್ರೋಗತಜ್ಞರಿಗೆ ತೋರಿಸುತ್ತಿರಬೇಕು, ಕೆಲವು ವರ್ಷಗಳಿಗೊಮ್ಮೆ ಎಂ.ಆರ್.ಐ. ಅಥವಾ ಸಿ.ಟಿ. ಮಾಡಿಸಬೇಕು. ನಡಿಗೆ ಒಳ್ಳೆಯದು. ಉಸಿರು ಬಿಗಿಹಿಡಿದು ಸಂಗ್ರಾಣಿ ಕಲ್ಲು ಎತ್ತುವ ಶೌರ್ಯ ಬೇಡ.

ಇಲ್ಲಿ ತಾಯ್ತಂದೆಗಳಿಗೊಂದು ಮಾತು. ಹೆಣ್ಣುಮಗುವಿಗೆ ಇಂಥ ಶಸ್ತ್ರಚಿಕಿತ್ಸೆಯಾಗಿದ್ದರೆ, ಸಂಬಂಧ ತಪ್ಪೀತೆಂದು ಮುಚ್ಚಿಡುವವರನ್ನು ಬಲ್ಲೆವು. ಗಾಯದ ಗೆರೆಯನ್ನು ಕುಪ್ಪಸ ಮುಚ್ಚೀತು. ಬಸುರಿಯ ರಕ್ತದೊತ್ತಡವನ್ನು ಮುಚ್ಚಲಾಗದು. ಇಂಥವರಲ್ಲಿ ಬಹುಮಂದಿ ಸುಖವಾಗಿ ಹೆರುತ್ತಾರೆ. ಆದರೆ ಗರ್ಭ ನಿಲ್ಲುವ ಮೊದಲೇ ಧಮನಿಯ ಪರೀಕ್ಷೆಯಾಗಬೇಕು, ಹೆರಿಗೆಯ ವೈದ್ಯರಿಗೆ ಎಲ್ಲವೂ ತಿಳಿದಿರಬೇಕು. ಅತ್ತೆಮನೆಯವರಿಗೆ ಮೊದಲೇ ಹೇಳದಿದ್ದರೆ ಆ ಹುಡುಗಿಯು ಯಾರಿಗೆ ಹೇಳಿಯಾಳು?

ನಮ್ಮ ಹುಡುಗನನ್ನು ಮರುದಿನವೇ ಕರೆದೊಯ್ದೆವು. ಬಲಗೈಯಲ್ಲಿ ಮೇಲಿನ ಅಂಕಿ 170 ದಾಟಿತ್ತು. ತೊಡೆಸಂದಿನ ನಾಡಿ ಕ್ಷೀಣವಾಗಿತ್ತು. ಹಳೆಯ ಜಾಗವೇ ಮತ್ತೆ ಇಕ್ಕಟ್ಟಾಗಿದೆಯೆಂದು ಸ್ಕ್ಯಾನಿನಲ್ಲಿ ಕಂಡಿತು. ಈ ಸಲ ಎದೆಯನ್ನು ತೆರೆಯಬೇಕಾಗಲಿಲ್ಲ. ತೊಡೆಸಂದಿನ ನಾಳದಿಂದ ಬಲೂನು ಏರಿಸಿ ಅಗಲಿಸಿ, ಸ್ಟೆಂಟ್ ಕೂರಿಸಿದರು. ತಲೆಸಿಡಿತ ನಿಂತಿದೆ, ಮಾತ್ರೆ ನಿಂತಿಲ್ಲ. ನಾವು ಟ್ರಂಕನ್ನು ಬರಿದು ಮಾಡಿ ಹುಡುಕಿದ 1986ರ ಚೀಟಿಯ ಪ್ರತಿಯನ್ನು ಆತನು ಜೇಬಿನಲ್ಲಿಟ್ಟುಕೊಂಡಿದ್ದಾನೆ. ವಾರಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಬಲಗೈಯ ಅಂಕಿಯನ್ನು ಬರೆದು, ನಮಗೆ ಫೋನಿನಲ್ಲಿ ಓದಿ ಹೇಳುತ್ತಾನೆ.